ಕಂದು ಸಕ್ಕರೆ ಕಲ್ಲಾಗುವುದು ಯಾಕೆ, ಮೆತ್ತಗೆ ಇಡುವುದು ಹೇಗೆ

ಅರ್ಧ ಕಿಲೋ ಕಂದು ಸಕ್ಕರೆಯಲ್ಲಿ ನೀರು ಎಷ್ಟಿರುತ್ತದೆ ಗೊತ್ತಾ? ಸುಮಾರು ಎರಡು ಟೀ ಚಮಚ. ಅಷ್ಟೇ. ಅದು ಕೈಗೆ ಹಸಿ ಮರಳಿನಂತೆ ತಾಗುವುದು, ಅದುಮಿದರೆ ಮುಷ್ಟಿಯ ಆಕಾರಕ್ಕೆ ಬರುವುದು, ಎಲ್ಲವೂ ಆ ಎರಡು ಚಮಚ ನೀರಿನ ಕೆಲಸ. ಅದರಲ್ಲಿ ಒಂದು ಪಾಲು ಗಾಳಿಗೆ ಹೋದರೆ ಸಾಕು, ಇಡೀ ಡಬ್ಬಿ ಕಲ್ಲಾಗುತ್ತದೆ. ಚಮಚ ಹಾಕಿದರೆ ಟಣ್ ಎನ್ನುತ್ತದೆ.

ಇದನ್ನು ಕಂಡ ಕೂಡಲೇ ತುಂಬಾ ಜನ ‘ಕೆಟ್ಟುಹೋಯ್ತು’ ಎಂದು ಎಸೆದುಬಿಡುತ್ತಾರೆ. ಮೊದಲೆಲ್ಲ ನಾನೂ ಹಾಗೇ ಮಾಡುತ್ತಿದ್ದೆ. ಈಗ ನೆನೆದರೆ ಸಂಕಟವಾಗುತ್ತದೆ. ಯಾಕೆಂದರೆ ಗಟ್ಟಿಯಾದ ಕಂದು ಸಕ್ಕರೆ ಕೆಟ್ಟಿರುವುದಿಲ್ಲ. ಸಿಹಿ ಹಾಗೇ ಇರುತ್ತದೆ, ಬಣ್ಣವೂ ಹಾಗೇ ಇರುತ್ತದೆ. ಹೋಗಿರುವುದು ಒಂದಿಷ್ಟು ನೀರು ಮಾತ್ರ. ಅದನ್ನು ವಾಪಸ್ ಕೊಟ್ಟರೆ ಸಕ್ಕರೆ ಮತ್ತೆ ಮೆತ್ತಗಾಗುತ್ತದೆ.

ಇದನ್ನು ಮನೆಯಲ್ಲಿ ಹೇಗಿಡಬೇಕು ಎಂದು ಕೇಳಿದರೆ ಸಿಗುವ ಸಲಹೆಗಳು ಹತ್ತಾರು. ಬ್ರೆಡ್ ಹಾಕಿ. ಸೇಬು ಹಾಕಿ. ಫ್ರಿಜ್‌ನಲ್ಲಿಡಿ. ಫ್ರಿಜ್‌ನಲ್ಲಿ ಇಡಲೇಬೇಡಿ. ಒಂದಕ್ಕೊಂದು ತಾಳೆಯಾಗುವುದೇ ಇಲ್ಲ, ಅಲ್ವಾ? ಆದರೆ ಆ ಎರಡು ಚಮಚ ನೀರು ಎಲ್ಲಿ ಕೂತಿರುತ್ತದೆ, ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಎಂದು ತಿಳಿದುಬಿಟ್ಟರೆ, ಯಾವ ಸಲಹೆ ಯಾವಾಗ ಸರಿ ಎಂದು ನೀವೇ ಹೇಳಬಲ್ಲಿರಿ.

ಹರಳಿನ ಮೇಲೊಂದು ಅಂಟು ಪದರ

ಕಂದು ಸಕ್ಕರೆ ಎಂದರೆ ಬಿಳಿ ಸಕ್ಕರೆಯ ಹರಳು, ಅದರ ಮೇಲೆ ಕಾಕಂಬಿಯ ತೆಳು ಪದರ. ಕಬ್ಬಿನ ರಸ ಕಾಯಿಸಿ ಸಕ್ಕರೆಯ ಹರಳನ್ನು ಬೇರೆ ಮಾಡಿದ ಮೇಲೆ ಉಳಿಯುವ ಕಪ್ಪನೆಯ ಮಂದ ಪಾಕವೇ ಕಾಕಂಬಿ. ಕೆಲವು ಕಾರ್ಖಾನೆಗಳಲ್ಲಿ ಕಾಕಂಬಿಯ ಅಂಶ ಉಳಿಯುವ ಹಾಗೆಯೇ ಪಾಕ ಕಾಯಿಸಿ ಹರಳು ಕಟ್ಟಿಸುತ್ತಾರೆ. ಇನ್ನು ಕೆಲವು ಕಡೆ ಮೊದಲು ಪೂರ್ತಿ ಬಿಳಿ ಸಕ್ಕರೆ ಮಾಡಿಕೊಂಡು, ಆಮೇಲೆ ಅದಕ್ಕೆ ಅಳತೆಯ ಪ್ರಕಾರ ಕಾಕಂಬಿ ಬೆರೆಸುತ್ತಾರೆ. ತಿಳಿ ಕಂದು ಸಕ್ಕರೆಯಲ್ಲಿ ಕಾಕಂಬಿ ಸುಮಾರು ಶೇ 3.5ರಷ್ಟು, ಗಾಢ ಬಣ್ಣದ್ದರಲ್ಲಿ ಸುಮಾರು ಶೇ 6.5ರಷ್ಟು. ಉಳಿದದ್ದೆಲ್ಲ ಸಾಮಾನ್ಯ ಸಕ್ಕರೆಯೇ.

ಒಂದು ಚಿಟಿಕೆಯಷ್ಟನ್ನು ಬಿಳಿ ತಟ್ಟೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿದು ನೋಡಿ. ಭೂತಗನ್ನಡಿ ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಹತ್ತಿರ ಹಿಡಿದರೂ ಆಗುತ್ತದೆ. ಒಂದೊಂದು ಹರಳೂ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಅವು ಬಿಡಿಬಿಡಿಯಾಗಿ ಉರುಳುವುದಿಲ್ಲ, ಎರಡು ಮೂರು ಸೇರಿ ಪುಟ್ಟ ಗುಂಪಾಗಿ ಅಂಟಿಕೊಂಡಿರುತ್ತವೆ. ಈಗ ಪಕ್ಕದಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ನೀರು ತಾಗಿದ ಕಡೆ ಮೊದಲು ಕಂದು ಬಣ್ಣ ಬಿಟ್ಟುಕೊಂಡು ಹರಿಯುತ್ತದೆ. ಒಳಗಿನಿಂದ ಬೆಳ್ಳಗಿನ ಹರಳು ಇಣುಕುತ್ತದೆ. ಬಣ್ಣ, ಪರಿಮಳ, ಜೊತೆಗೆ ಆ ಎರಡು ಚಮಚ ನೀರು, ಎಲ್ಲವೂ ಇರುವುದು ಆ ಹೊರಗಿನ ಪದರದಲ್ಲಿ.

ಆ ಪದರ ಬರೀ ನೀರಲ್ಲ, ಮಂದವಾದ ಪಾಕ. ಅದರಲ್ಲಿ ಕರಗಿದ ಸಕ್ಕರೆ ಇದೆ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇವೆ, ಒಂದಿಷ್ಟು ಖನಿಜಗಳಿವೆ. ಇವುಗಳಲ್ಲಿ ಫ್ರಕ್ಟೋಸ್‌ಗೆ ನೀರೆಂದರೆ ಬಹಳ ಸೆಳೆತ. ಸಿಕ್ಕ ನೀರನ್ನು ಸುಲಭಕ್ಕೆ ಬಿಡುವುದಿಲ್ಲ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಲ್ಲಿಂದಲೂ ಎಳೆದುಕೊಳ್ಳುತ್ತದೆ. ಕಂದು ಸಕ್ಕರೆ ಹಾಕಿ ಮಾಡಿದ ಬಿಸ್ಕತ್ತು, ಕೇಕು ಬಿಳಿ ಸಕ್ಕರೆಯದಕ್ಕಿಂತ ಜಾಸ್ತಿ ದಿನ ಮೆತ್ತಗಿರುವುದಕ್ಕೆ ಕಾರಣವೂ ಇದೇ.

ಪದರದಲ್ಲಿ ನೀರಿರುವ ತನಕ ಹರಳುಗಳು ಒಂದರ ಮೇಲೊಂದು ಜಾರುತ್ತವೆ. ಸಕ್ಕರೆ ಮೆತ್ತಗಿದೆ ಎಂದು ನಾವು ಹೇಳುವುದು ಅದನ್ನೇ. ಸುತ್ತಲಿನ ಗಾಳಿ ಒಣಗಿದ್ದರೆ ಪದರದ ನೀರು ಮೆಲ್ಲಗೆ ಆವಿಯಾಗುತ್ತದೆ. ನೀರು ಕಡಿಮೆಯಾದಂತೆ ಪಾಕಕ್ಕೆ ತನ್ನಲ್ಲಿ ಕರಗಿದ ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಆ ಸಕ್ಕರೆ ಹೊರಬಂದು ಹೊಸದಾಗಿ ಹರಳುಗಟ್ಟುತ್ತದೆ. ಎಲ್ಲಿ? ಎರಡು ಹಳೆಯ ಹರಳುಗಳು ತಾಗಿಕೊಂಡಿರುವ ಸಂದಿಯಲ್ಲಿ. ಅಲ್ಲಿಗೆ ಆ ಎರಡರ ನಡುವೆ ಸಕ್ಕರೆಯದೇ ಒಂದು ಗಟ್ಟಿ ಸೇತುವೆ ಬಿದ್ದ ಹಾಗೆ. ಡಬ್ಬಿಯಲ್ಲಿ ಲಕ್ಷಾಂತರ ಹರಳುಗಳಿವೆ, ಪ್ರತಿಯೊಂದರ ಸುತ್ತಲೂ ಇಂಥ ಸಂದಿಗಳಿವೆ. ಇಟ್ಟಿಗೆಗಳ ನಡುವೆ ಗಾರೆ ಹಾಕಿದಂತೆ ಎಲ್ಲ ಸೇರಿ ಒಂದೇ ಗೋಡೆಯಾಗುತ್ತದೆ.

ಕಲ್ಲಾದ ಉಂಡೆಯನ್ನು ಒಡೆದು ಬೆಳಕಿಗೆ ಹಿಡಿದರೆ ಈ ಸೇತುವೆಗಳ ಗುರುತು ಕಾಣುತ್ತದೆ. ಒಡೆದ ಮೈಯಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಮಿಂಚು. ಹೊಸ ಸಕ್ಕರೆಯ ಎಣ್ಣೆಯಂಥ ಹೊಳಪಿಗೂ ಈ ಒಣ ಮಿಂಚಿಗೂ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತದೆ.

ಬಿಳಿ ಸಕ್ಕರೆಯ ನಿಯಮ ಇಲ್ಲಿ ತಲೆಕೆಳಗು

ನಮಗೆಲ್ಲ ಅಭ್ಯಾಸವಾಗಿರುವುದು ಬಿಳಿ ಸಕ್ಕರೆಯ ಬುದ್ಧಿ. ತೇವ ತಾಗಬಾರದು, ಒಣಗಿದ ಜಾಗದಲ್ಲಿಡಬೇಕು, ಒದ್ದೆ ಚಮಚ ಹಾಕಬಾರದು. ಬಿಳಿ ಸಕ್ಕರೆಗೆ ಇದೆಲ್ಲ ನಿಜ. ಅದರಲ್ಲಿ ನೀರು ಇಲ್ಲವೆಂದೇ ಹೇಳಬಹುದು. ಹೊರಗಿನ ತೇವ ತಾಗಿ, ಹರಳಿನ ಮೈ ಒಂಚೂರು ಕರಗಿ, ಮತ್ತೆ ಒಣಗಿದಾಗ ಅದು ಗಂಟು ಕಟ್ಟುತ್ತದೆ. ಬಿಳಿ ಸಕ್ಕರೆಯ ತೊಂದರೆ ಶುರುವಾಗುವುದು ನೀರು ಒಳಗೆ ಬಂದಾಗ. ಕಂದು ಸಕ್ಕರೆಯದು ನೀರು ಹೊರಗೆ ಹೋದಾಗ.

ಹಾಗಾಗಿ ಒಂದಕ್ಕೆ ಒಳ್ಳೆಯದಾದ ಜಾಗ ಇನ್ನೊಂದಕ್ಕೆ ಒಳ್ಳೆಯದಲ್ಲ. ಒಲೆಯ ಮೇಲಿನ ಬೆಚ್ಚಗಿನ ಒಣ ಕಪಾಟು, ಬಿಸಿಲು ಬೀಳುವ ಕಿಟಕಿಯ ಪಕ್ಕ, ಹೀಟರ್ ಹತ್ತಿರದ ಶೆಲ್ಫ್, ಇವು ಕಂದು ಸಕ್ಕರೆಯ ನೀರನ್ನು ಹೀರಿಬಿಡುತ್ತವೆ. ತೇವ ಹೀರಲು ಕೆಲವು ಪೊಟ್ಟಣಗಳ ಜೊತೆ ಬರುವ ಸಿಲಿಕಾ ಜೆಲ್ ಚೀಲವನ್ನು ‘ಇರಲಿ, ಒಳ್ಳೆಯದೇ’ ಎಂದು ಕಂದು ಸಕ್ಕರೆಯ ಡಬ್ಬಿಗೆ ಹಾಕಿದವರನ್ನು ನಾನು ಕಂಡಿದ್ದೇನೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ. ನಾವು ಉಳಿಸಬೇಕಾದ ನೀರನ್ನೇ ಹೀರಿಕೊಳ್ಳುತ್ತದೆ. ದಯವಿಟ್ಟು ಹಾಕಬೇಡಿ.

ಹಾಗಂತ ತೇವ ಎಷ್ಟಾದರೂ ಇರಲಿ ಎಂದೂ ಅಲ್ಲ. ಕಂದು ಸಕ್ಕರೆಗೂ ಗಾಳಿಗೂ ನಡುವೆ ಯಾವಾಗಲೂ ಕೊಡುಕೊಳ್ಳುವಿಕೆ ನಡೆದೇ ಇರುತ್ತದೆ. ಗಾಳಿಯ ತೇವ ಶೇ 60ರಿಂದ 70ರ ಆಸುಪಾಸು ಇದ್ದರೆ ಎರಡೂ ಕಡೆ ಸರಿಸಮ, ಸಕ್ಕರೆ ಇದ್ದ ಹಾಗೇ ಇರುತ್ತದೆ. ಅದಕ್ಕಿಂತ ತುಂಬಾ ಕೆಳಗೆ ಹೋದರೆ ಸಕ್ಕರೆ ನೀರು ಬಿಡುತ್ತದೆ, ತುಂಬಾ ಮೇಲೆ ಹೋದರೆ ಹೀರುತ್ತದೆ. ಹೀಟರ್ ಹಾಕಿದ ಕೋಣೆಯಲ್ಲೋ ಎಸಿ ಓಡುವ ಕೋಣೆಯಲ್ಲೋ ತೇವ ಶೇ 30, 40ಕ್ಕೆ ಇಳಿಯುವುದುಂಟು. ಅಂಥ ಕಡೆ ತೆರೆದಿಟ್ಟ ಪೊಟ್ಟಣ ಕೆಲವೇ ದಿನಗಳಲ್ಲಿ ಬಿಗಿಯಾಗುತ್ತದೆ. ಬಿಡದೆ ಮಳೆ ಸುರಿಯುವ ದಿನಗಳಲ್ಲಿ ಅದೇ ತೆರೆದ ಪೊಟ್ಟಣ ಜಿಗುಟಾಗಿ, ತಳದಲ್ಲಿ ಪಾಕ ಜಿನುಗಲು ಶುರುವಾಗಬಹುದು. ಎರಡಕ್ಕೂ ಪರಿಹಾರ ಒಂದೇ: ಸಕ್ಕರೆಗೂ ಹೊರಗಿನ ಗಾಳಿಗೂ ಸಂಬಂಧ ಕಡಿಯಬೇಕು.

ತಪ್ಪು ಮುಚ್ಚಳದ್ದು

ಡಬ್ಬಿಯನ್ನು ಪದೇ ಪದೇ ತೆರೆಯಬೇಡಿ, ತೆರೆದಾಗಲೆಲ್ಲ ತೇವ ಹೋಗುತ್ತದೆ ಎನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನಾನೂ ಬಹಳ ದಿನ ನಂಬಿದ್ದೆ. ಆಮೇಲೆ ಒಮ್ಮೆ ಕೂತು ಲೆಕ್ಕ ಹಾಕಿ ನೋಡಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಮಿಲಿಗ್ರಾಂ ನೀರಿನ ಆವಿಯನ್ನು ಹಿಡಿಯಬಲ್ಲದು. ಅರ್ಧ ಕಿಲೋ ಸಕ್ಕರೆಯಲ್ಲಿ ಇರುವ ನೀರು ಸುಮಾರು 10 ಗ್ರಾಂ, ಅಂದರೆ 10,000 ಮಿಲಿಗ್ರಾಂ. ಒಂದು ಸಲ ಡಬ್ಬಿ ತೆರೆದು, ಒಳಗಿನ ಒಂದು ಲೀಟರ್ ಗಾಳಿ ಪೂರ್ತಿ ಬದಲಾಯಿತು ಎಂದೇ ಇಟ್ಟುಕೊಳ್ಳಿ. ಆಗಲೂ ಹೋಗುವುದು ಹತ್ತಿಪ್ಪತ್ತು ಮಿಲಿಗ್ರಾಂ ಮೀರುವುದಿಲ್ಲ. ಒಂದು ಟೀ ಚಮಚ ನೀರು ಹೀಗೆ ಹೋಗಬೇಕಾದರೆ ನೂರಾರು ಸಲ ತೆರೆಯಬೇಕು.

ಅಂದರೆ ದಿನಕ್ಕೊಮ್ಮೆ ತೆರೆದು, ಬೇಕಾದಷ್ಟು ತೆಗೆದು, ಕೂಡಲೇ ಮುಚ್ಚಿದರೆ ಏನೂ ಆಗುವುದಿಲ್ಲ. ಸಕ್ಕರೆಯನ್ನು ಕಲ್ಲು ಮಾಡುವುದು ಸಡಿಲವಾಗಿ ಕೂತ ಮುಚ್ಚಳ. ಅದು ಹಗಲೂ ರಾತ್ರಿ, ತಿಂಗಳುಗಟ್ಟಲೆ, ಸದ್ದಿಲ್ಲದೆ ಸೋರುತ್ತಿರುತ್ತದೆ. ಒಂದು ಸಲ ಮುಚ್ಚಳದ ತಿರುಪಿನಲ್ಲಿ ಸಕ್ಕರೆಯ ಕಾಳು ಸಿಕ್ಕಿಕೊಂಡು ನಮ್ಮ ಗಾಜಿನ ಡಬ್ಬಿ ಕೂದಲೆಳೆಯಷ್ಟು ತೆರೆದೇ ಇತ್ತು. ಹೊರಗಿನಿಂದ ನೋಡಿದರೆ ಗಟ್ಟಿಯಾಗಿ ಮುಚ್ಚಿದ ಹಾಗೇ ಕಾಣುತ್ತಿತ್ತು. ಕೆಲವು ವಾರಗಳ ಮೇಲೆ ನೋಡಿದರೆ ಮೇಲಿನ ಎರಡು ಬೆರಳಿನಷ್ಟು ಕಲ್ಲು, ಕೆಳಗಿನದು ಇನ್ನೂ ಮೆತ್ತಗೆ. ಆವತ್ತಿನಿಂದ ಮುಚ್ಚುವ ಮುಂಚೆ ಡಬ್ಬಿಯ ಅಂಚನ್ನು ಒಣ ಬಟ್ಟೆಯಲ್ಲಿ ಒರೆಸುವುದು ನನಗೆ ರೂಢಿಯಾಗಿದೆ.

ಡಬ್ಬಿ ಆರಿಸುವಾಗ ನೋಡಬೇಕಾದದ್ದು ಅದರ ಅಂದವನ್ನಲ್ಲ, ಮುಚ್ಚಳದ ಒಳಗಿನ ರಬ್ಬರ್ ಅಥವಾ ಸಿಲಿಕೋನ್ ಉಂಗುರವನ್ನು. ಉಂಗುರವಿರುವ, ಕ್ಲಿಪ್ ಹಾಕಿ ಬಿಗಿಯುವ ಗಾಜಿನ ಜಾಡಿ ತುಂಬಾ ಒಳ್ಳೆಯದು. ಒಳ್ಳೆ ಪ್ಲಾಸ್ಟಿಕ್ ಡಬ್ಬಿಯೂ ಆಗುತ್ತದೆ. ಸುಮ್ನೆ ಮೇಲೆ ಕೂರುವ ಸ್ಟೀಲ್ ಮುಚ್ಚಳ, ಪಿಂಗಾಣಿ ಭರಣಿಯ ಸಡಿಲ ಮುಚ್ಚಳ ಬೇಡ. ಸಕ್ಕರೆ ಬಂದ ಪೊಟ್ಟಣದಲ್ಲೇ ಇಡುತ್ತೀರಾದರೆ, ಒಳಗಿನ ಗಾಳಿಯನ್ನು ಒತ್ತಿ ತೆಗೆದು, ಬಾಯಿ ಬಿಗಿಯಾಗಿ ಮಡಚಿ, ಆ ಪೊಟ್ಟಣವನ್ನು ಇನ್ನೊಂದು ಜಿಪ್ ಚೀಲಕ್ಕೋ ಡಬ್ಬಿಗೋ ಹಾಕಿ. ಕಾಗದದ ಪೆಟ್ಟಿಗೆ ತೇವವನ್ನು ತಡೆಯುವುದೇ ಇಲ್ಲ. ತೆಳು ಪ್ಲಾಸ್ಟಿಕ್ ಚೀಲವೂ ಮೆಲ್ಲಗೆ ಆವಿಯನ್ನು ಹೊರಗೆ ಬಿಡುತ್ತದೆ.

ನಿಮ್ಮ ಡಬ್ಬಿ ನಿಜವಾಗಿ ಬಿಗಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಅಡುಗೆಮನೆಯ ತೂಕದ ಯಂತ್ರ ಇದ್ದರೆ ಸಾಕು. ಖಾಲಿ ಡಬ್ಬಿಗೆ ಒಂದು ಲೋಟ ನೀರು ಹಾಕಿ, ಮುಚ್ಚಿ, ಹೊರಮೈ ಒರೆಸಿ ತೂಕ ಬರೆದಿಡಿ. ಒಂದು ವಾರ ಬಿಟ್ಟು ಮತ್ತೆ ತೂಗಿ. ತೂಕ ಹಾಗೇ ಇದ್ದರೆ ಆ ಡಬ್ಬಿಯನ್ನು ಕಣ್ಣುಮುಚ್ಚಿ ನಂಬಬಹುದು. ಒಂದೆರಡು ಗ್ರಾಂ ಕಡಿಮೆಯಾಗಿದ್ದರೆ ಅದಕ್ಕೆ ಬೇರೆ ಏನಾದರೂ ತುಂಬಿ, ಕಂದು ಸಕ್ಕರೆಗೆ ಬೇಡ. ತಲೆಕೆಳಗು ಮಾಡಿ ನೀರು ತೊಟ್ಟಿಕ್ಕುತ್ತದೆಯೇ ಎಂದು ನೋಡುವುದಕ್ಕಿಂತ ಇದು ಹೆಚ್ಚು ನಂಬಿಕೆಯ ಪರೀಕ್ಷೆ. ಯಾಕೆಂದರೆ ನೀರು ನುಸುಳಲಾರದ ಸಂದಿಯಲ್ಲೂ ಆವಿ ನುಸುಳುತ್ತದೆ.

ಫ್ರಿಜ್ ಬೇಡ, ಫ್ರೀಜರ್ ಆಗಬಹುದು

ಇದು ವಿಚಿತ್ರವಾಗಿ ಕೇಳಿಸುತ್ತದೆ, ಆದರೆ ಕಾರಣವಿದೆ. ಈಗಿನ ಫ್ರಿಜ್‌ಗಳು ಒಳಗಿನ ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸುತ್ತಲೇ ಇರುತ್ತವೆ. ಗಾಳಿಯ ತೇವ ಅಲ್ಲೇ ಮಂಜಾಗಿ ಕೂರುತ್ತದೆ, ಆಮೇಲೆ ಕರಗಿ ಹೊರಗೆ ಹೋಗುತ್ತದೆ. ಹಾಗಾಗಿ ಮುಚ್ಚದೆ ಇಟ್ಟದ್ದೆಲ್ಲ ಅಲ್ಲಿ ಬೇಗ ಒಣಗುತ್ತದೆ. ಕತ್ತರಿಸಿಟ್ಟ ಸೌತೆಕಾಯಿಯ ಅಂಚು ಒಣಗುವುದನ್ನು ನೋಡಿದ್ದೀರಲ್ಲ, ಸಕ್ಕರೆಗೂ ಅದೇ ಗತಿ. ಜೊತೆಗೆ ಪಕ್ಕದಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಯ ವಾಸನೆಯನ್ನೂ ಹಿಡಿದುಕೊಳ್ಳುತ್ತದೆ. ಪೂರ್ತಿ ಬಿಗಿಯಾದ ಡಬ್ಬಿಯಲ್ಲಿದ್ದರೆ ಫ್ರಿಜ್‌ನಿಂದ ಹಾನಿಯಿಲ್ಲ. ಆದರೆ ಅಂಥ ಡಬ್ಬಿ ಇದ್ದ ಮೇಲೆ ಫ್ರಿಜ್ ಯಾಕೆ ಬೇಕು? ಕಪಾಟೇ ಸಾಕು.

ಫ್ರೀಜರ್ ಮಾತು ಬೇರೆ. ಮೈನಸ್ 18 ಡಿಗ್ರಿಯಲ್ಲಿ ಎಲ್ಲವೂ ನಿಧಾನ, ಆವಿಯಾಗುವುದೂ ನಿಧಾನ. ನಿಮ್ಮ ಕಡೆ ಗಾಳಿ ತುಂಬಾ ಒಣಗಿದ್ದು, ನೀವು ಕಂದು ಸಕ್ಕರೆ ಬಳಸುವುದು ವರ್ಷಕ್ಕೆ ಒಂದೆರಡು ಸಲ ಮಾತ್ರ ಎಂದಾದರೆ ಅಲ್ಲಿಡುವುದು ಒಳ್ಳೆಯ ದಾರಿ. ಎರಡು ಪದರದ ಚೀಲ, ಗಾಳಿ ತೆಗೆದು ಕಟ್ಟುವುದು, ಇಷ್ಟು ಮಾಡಿ. ಹೊರಗೆ ತೆಗೆದ ಮೇಲೆ ಮಾತ್ರ ಒಂದು ಎಚ್ಚರಿಕೆ. ತಣ್ಣಗಿರುವಾಗಲೇ ಚೀಲ ತೆರೆಯಬೇಡಿ. ತೆರೆದರೆ ಕೋಣೆಯ ತೇವವೆಲ್ಲ ತಣ್ಣನೆಯ ಸಕ್ಕರೆಯ ಮೇಲೆ ಬೆವರಿನಂತೆ ಕೂತು ಜಿಗುಟಾಗುತ್ತದೆ. ಮುಚ್ಚಿದ ಹಾಗೆಯೇ ಎರಡು ಮೂರು ಗಂಟೆ ಹೊರಗಿಟ್ಟು, ಚೀಲ ಮುಟ್ಟಿದಾಗ ತಣ್ಣಗಿಲ್ಲ ಎನಿಸಿದ ಮೇಲೆ ಬಿಚ್ಚಿ.

ಸುಟ್ಟ ಮಣ್ಣಿನ ಬಿಲ್ಲೆ

ಈ ಕೆಲಸಕ್ಕೆಂದೇ ಸಿಗುವ ಪುಟ್ಟ ಮಣ್ಣಿನ ಬಿಲ್ಲೆಗಳಿವೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಉಪಾಯ ಇದು. ಮೆರುಗು ಹಾಕದ ಸುಟ್ಟ ಮಣ್ಣಿನ ಮೈ ತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ನೀರಿಗೆ ಹಾಕಿದರೆ ಆ ತೂತುಗಳಿಂದ ಗಾಳಿ ಹೊರಬರುತ್ತದೆ. ಬಿಲ್ಲೆಯ ಮೈಯಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಏಳುವುದನ್ನು ನೋಡಬಹುದು. ಕಿವಿಗೊಟ್ಟರೆ ಚುಂಯ್ ಎಂಬ ಸಣ್ಣ ಸದ್ದೂ ಕೇಳುತ್ತದೆ. ಗಾಳಿ ಇದ್ದ ಜಾಗಕ್ಕೆ ನೀರು ಸೇರಿಕೊಳ್ಳುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ನೆನೆದರೆ ಸಾಕು. ಆಮೇಲೆ ತೆಗೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಡಬ್ಬಿಯ ಮೇಲ್ಭಾಗದಲ್ಲಿ ಇಡುವುದು.

ಒರೆಸುವುದನ್ನು ಮರೆಯಬೇಡಿ. ಮೈಯಲ್ಲಿ ಹನಿ ನಿಂತಿದ್ದರೆ ಅದು ತಾಗಿದ ಕಡೆ ಸಕ್ಕರೆ ಕರಗಿ ಪಾಕವಾಗುತ್ತದೆ. ನಮಗೆ ಬೇಕಾದದ್ದು ಹನಿಯಲ್ಲ, ಆವಿ. ತೂತಿನೊಳಗಿನ ನೀರು ನಿಧಾನವಾಗಿ ಆವಿಯಾಗಿ ಡಬ್ಬಿಯ ಗಾಳಿಗೆ ಸೇರುತ್ತದೆ, ಅಲ್ಲಿಂದ ಸಕ್ಕರೆ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಡಬ್ಬಿ ಎಲ್ಲಾದರೂ ಒಂಚೂರು ಸೋರುತ್ತಿದ್ದರೆ ಆ ನಷ್ಟವನ್ನು ಬಿಲ್ಲೆಯೇ ತುಂಬಿಕೊಡುತ್ತದೆ.

ಬಿಲ್ಲೆಯ ಬಣ್ಣ ನೋಡಿಯೇ ಅದರಲ್ಲಿ ನೀರಿದೆಯೋ ಇಲ್ಲವೋ ಹೇಳಬಹುದು. ನೆನೆದಾಗ ಕಡುಗೆಂಪು, ಒಣಗಿದಾಗ ಮಾಸಲು ಕೇಸರಿ. ಒಣಗಿದ್ದು ಕಂಡರೆ ಮತ್ತೆ ನೆನೆಸಿ. ಕೆಲವು ವಾರಕ್ಕೆ ಬೇಕಾಗಬಹುದು, ಬಿಗಿಯಾದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬೇಕಾಗದೆಯೂ ಇರಬಹುದು. ಮಳೆಗಾಲದಲ್ಲಿ, ಸಕ್ಕರೆ ಮೊದಲೇ ಮೆತ್ತಗಿರುವಾಗ, ಬಿಲ್ಲೆಯ ಅಗತ್ಯವೇ ಇಲ್ಲ. ಹಾಕಿದರೆ ತೇವ ಹೆಚ್ಚಾಗುತ್ತದೆ. ಹಾಕಿ ಮರೆತುಬಿಡುವ ವಸ್ತುವಲ್ಲ ಇದು, ವಾರಕ್ಕೊಮ್ಮೆಯಾದರೂ ಕಣ್ಣು ಹಾಯಿಸಬೇಕು.

ಕೊಂಡ ಬಿಲ್ಲೆಯೇ ಆಗಬೇಕೆಂದಿಲ್ಲ. ಮೆರುಗು, ಬಣ್ಣ ಹಾಕದ, ಶುದ್ಧವಾದ, ಅಡುಗೆಗೆಂದೇ ಮಾಡಿದ ಮಡಕೆಯ ಚೂರಾದರೂ ನಡೆಯುತ್ತದೆ. ಗಿಡ ನೆಟ್ಟ ಕುಂಡದ ಚೂರು ಬೇಡ, ಅದರಲ್ಲಿ ಗೊಬ್ಬರ, ಔಷಧಿ ಇಳಿದಿರಬಹುದು. ಮೆರುಗು ಇದೆಯೋ ಇಲ್ಲವೋ ಅನುಮಾನವಿದ್ದರೆ ಒಂದು ಹನಿ ನೀರು ಬಿಟ್ಟು ನೋಡಿ. ಕೂಡಲೇ ಹೀರಿಕೊಂಡರೆ ಸರಿ. ಹನಿ ಹಾಗೇ ನಿಂತಿದ್ದರೆ ಅದು ಈ ಕೆಲಸಕ್ಕೆ ಆಗುವುದಿಲ್ಲ.

ಬ್ರೆಡ್ಡಿನ ತುಂಡು, ಸೇಬಿನ ಹೋಳು ಹಾಕುವುದರ ಹಿಂದೆ ಇರುವುದೂ ಇದೇ ತತ್ವ. ಅವುಗಳಲ್ಲಿ ತೇವ ಜಾಸ್ತಿ, ಸಕ್ಕರೆಯಲ್ಲಿ ಕಡಿಮೆ, ಆದ್ದರಿಂದ ನೀರು ಅಲ್ಲಿಂದ ಇಲ್ಲಿಗೆ ಬರುತ್ತದೆ. ಮರುದಿನ ನೋಡಿದರೆ ಸಕ್ಕರೆ ಮೆತ್ತಗಾಗಿರುತ್ತದೆ, ಬ್ರೆಡ್ಡು ರಸ್ಕಿನಂತೆ ಒಣಗಿರುತ್ತದೆ. ಗಟ್ಟಿಯಾದ ಸಕ್ಕರೆಯನ್ನು ಸರಿಮಾಡಲು ಇದು ಚೆನ್ನಾಗಿದೆ. ಆದರೆ ಕಾಯಂ ಆಗಿ ಒಳಗೇ ಬಿಡುವುದು ನನಗೆ ಇಷ್ಟವಿಲ್ಲ. ಸೇಬಿನಲ್ಲಿ ನೀರು ವಿಪರೀತ, ಡಬ್ಬಿಯೊಳಗೇ ಬೂಷ್ಟು ಹಿಡಿಯಬಹುದು. ಒಂದು ದಿನ, ಹೆಚ್ಚೆಂದರೆ ಎರಡು ದಿನ, ಆಮೇಲೆ ತೆಗೆದುಬಿಡಿ. ಮಾರ್ಷ್‌ಮ್ಯಾಲೋ ಎನ್ನುವ, ಸ್ಪಂಜಿನಂಥ ಮೆತ್ತನೆಯ ಸಿಹಿಯನ್ನು ಹಾಕುವವರೂ ಇದ್ದಾರೆ. ಅದು ಬೇಗ ಬೂಷ್ಟು ಹಿಡಿಯುವುದಿಲ್ಲ, ಹಾಗಾಗಿ ಈ ಮೂರರಲ್ಲಿ ಹೆಚ್ಚು ದಿನ ಒಳಗಿಡಬಹುದಾದದ್ದು ಅದೇ.

ಕಲ್ಲಾಗಿಬಿಟ್ಟಿದೆ, ಈಗೇನು?

ಸಮಯವಿದ್ದರೆ ಒಂದು ಟೀ ಚಮಚ ನೀರು ಸಾಕು. ಪೇಪರ್ ಟವೆಲನ್ನು ಸಣ್ಣದಾಗಿ ಮಡಚಿ, ಅದಕ್ಕೆ ಅರ್ಧ ಕಿಲೋ ಸಕ್ಕರೆಗೆ ಒಂದು ಟೀ ಚಮಚದ ಲೆಕ್ಕದಲ್ಲಿ ನೀರು ಹಾಕಿ. ಸಕ್ಕರೆಯ ಮೇಲೆ ಅಲ್ಯೂಮಿನಿಯಂ ಫಾಯಿಲ್‌ನ ತುಂಡೊಂದನ್ನು ತಟ್ಟೆಯ ಹಾಗೆ ಇಟ್ಟು, ಅದರ ಮೇಲೆ ಟವೆಲ್ ಇಡಿ. ಒದ್ದೆ ಟವೆಲ್ ಸಕ್ಕರೆಗೆ ನೇರ ತಾಗಬಾರದು. ಮುಚ್ಚಳ ಬಿಗಿದು ಬಿಟ್ಟುಬಿಡಿ. ಒಂದು ರಾತ್ರಿಯಲ್ಲಿ ಮೇಲಿನ ಪದರ ಬಿಡುತ್ತದೆ, ಎರಡು ದಿನದಲ್ಲಿ ಒಳಗಿನ ತನಕ ಮೆತ್ತಗಾಗುತ್ತದೆ. ದೊಡ್ಡ ಉಂಡೆಯಾಗಿದ್ದರೆ ಮೊದಲೇ ನಾಲ್ಕಾರು ತುಂಡು ಮಾಡಿಕೊಂಡರೆ ಬೇಗ ಆಗುತ್ತದೆ.

ನೀರನ್ನು ನೇರವಾಗಿ ಸಕ್ಕರೆಯ ಮೇಲೆ ಚಿಮುಕಿಸಿದರೆ ಆಗುವುದಿಲ್ಲವಾ ಎಂದು ಕೇಳಬಹುದು. ಬಿದ್ದ ಕಡೆ ಪಾಕ, ಬೀಳದ ಕಡೆ ಕಲ್ಲು, ಹೀಗೆ ಆಗುತ್ತದೆ. ಆ ಪಾಕ ಒಣಗಿದಾಗ ಮೊದಲಿಗಿಂತ ಗಟ್ಟಿ ಚಕ್ಕೆಯಾಗುತ್ತದೆ. ಆವಿಯಾದರೆ ಎಲ್ಲ ಹರಳಿಗೂ ಸಮನಾಗಿ ತಲುಪುತ್ತದೆ.

ಸಮಯವಿಲ್ಲ, ಈಗಲೇ ಬೇಕು ಎಂದರೆ ಮೈಕ್ರೋವೇವ್. ಬೇಕಾದಷ್ಟನ್ನು ಮಾತ್ರ ಬಟ್ಟಲಿಗೆ ಹಾಕಿ, ಮೇಲೆ ಒದ್ದೆ ಮಾಡಿ ಹಿಂಡಿದ ಪೇಪರ್ ಟವೆಲ್ ಹೊದಿಸಿ, 20 ಸೆಕೆಂಡ್ ಬಿಸಿ ಮಾಡಿ. ಫೋರ್ಕಿನಿಂದ ಒತ್ತಿ ನೋಡಿ. ಬಿಡದಿದ್ದರೆ ಇನ್ನೂ 20 ಸೆಕೆಂಡ್. ಒಟ್ಟಿಗೇ ಎರಡು ನಿಮಿಷ ಹಾಕಬೇಡಿ. ಸಕ್ಕರೆ ಕರಗಿದರೆ ಕುದಿಯುವ ನೀರಿಗಿಂತ ಎಷ್ಟೋ ಬಿಸಿಯಿರುತ್ತದೆ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಮಕ್ಕಳು ಹತ್ತಿರ ಇದ್ದರೆ ಇನ್ನೂ ಎಚ್ಚರ. ಓವನ್ನಿನಲ್ಲಾದರೆ 120 ಡಿಗ್ರಿಯಲ್ಲಿ ಸುಮಾರು ಐದು ನಿಮಿಷ, ಕಣ್ಣು ತೆಗೆಯದೆ.

ಬಿಸಿ ಮಾಡಿದ ಸಕ್ಕರೆ ತಣ್ಣಗಾದ ಮೇಲೆ ಮತ್ತೆ ಕಲ್ಲಾಗುತ್ತದೆ, ಕೆಲವೊಮ್ಮೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಇದನ್ನು ಕಂಡು ಬೇಸರಪಟ್ಟವರು ಬಹಳ ಜನ. ಕಾರಣ ಹೀಗಿದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸುತ್ತದೆ. 100 ಡಿಗ್ರಿಯಲ್ಲಿ ಅದೇ ನೀರು 480 ಗ್ರಾಂಗೂ ಜಾಸ್ತಿ ಕರಗಿಸುತ್ತದೆ. ಅಂದರೆ ಬಿಸಿಯಾದಾಗ ಪದರದಲ್ಲಿ ಉಳಿದಿರುವ ಒಂಚೂರು ನೀರೇ ಆ ಸೇತುವೆಗಳನ್ನು ಕರಗಿಸಿಬಿಡುತ್ತದೆ, ಹರಳುಗಳು ಬಿಡಿಬಿಡಿಯಾಗುತ್ತವೆ. ತಣ್ಣಗಾದಾಗ ಕರಗಿದ್ದು ಮತ್ತೆ ಹರಳುಗಟ್ಟಿ ಸೇತುವೆಯಾಗುತ್ತದೆ. ಈ ನಡುವೆ ಒಂದಿಷ್ಟು ನೀರೂ ಆವಿಯಾಗಿ ಹೋಗಿರುತ್ತದೆ. ಅದಕ್ಕೇ ಬಿಸಿ ಮಾಡುವುದು ಆ ಹೊತ್ತಿನ ಅಡುಗೆಗೆ ಮಾತ್ರ. ಬೆಚ್ಚಗಿರುವಾಗಲೇ ಅಳೆದು ಬಳಸಿಬಿಡಿ, ಮಿಕ್ಕಿದ್ದನ್ನು ಡಬ್ಬಿಗೆ ವಾಪಸ್ ಹಾಕಬೇಡಿ.

ಕಾಫಿಗೋ, ಸಾಸ್‌ಗೋ, ಪಾಕಕ್ಕೋ ಬೇಕಾಗಿದ್ದರೆ ಮೆತ್ತಗೆ ಮಾಡುವ ಗೊಡವೆಯೇ ಬೇಡ. ತೂಕ ಮಾಡಿ ಹಾಗೇ ಹಾಕಿ, ಕರಗುತ್ತದೆ. ಕೇಕಿನ ಮೇಲೆ ಉದುರಿಸಲು ಬೇಕಿದ್ದರೆ ತುರಿಮಣೆಯಲ್ಲಿ ತುರಿಯಬಹುದು.

ಎಲ್ಲ ಕಂದು ಸಕ್ಕರೆಯೂ ಒಂದೇ ಅಲ್ಲ

ಮಸ್ಕೊವಾಡೊ ಎನ್ನುವ ಬಗೆಯಲ್ಲಿ ಕಾಕಂಬಿ ಜಾಸ್ತಿ, ಅದಕ್ಕೇ ಅದು ಹೆಚ್ಚು ಹಸಿ, ಹೆಚ್ಚು ಅಂಟು. ಬಿಗಿ ಮುಚ್ಚಳ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಅದಕ್ಕೆ. ಡೆಮೆರಾರ, ಟರ್ಬಿನಾಡೊ ಎನ್ನುವವುಗಳ ಹರಳು ದಪ್ಪ, ಮೈಮೇಲಿನ ಕಾಕಂಬಿ ತೆಳು. ಅವು ಮುಟ್ಟಿದರೂ ಒಣಗಿದಂತಿರುತ್ತವೆ, ಚಮಚದಿಂದ ಉದುರುತ್ತವೆ. ಅವುಗಳನ್ನು ಬಿಳಿ ಸಕ್ಕರೆಯಂತೆ ಇಟ್ಟರೆ ಸಾಕು, ಒದ್ದೆ ಬಿಲ್ಲೆ ಬೇಡ. ನಿಮ್ಮ ಬಳಿ ಇರುವುದು ಯಾವುದು ಎಂದು ಹೆಸರು ನೋಡಿ ತಿಳಿಯದಿದ್ದರೆ ಒಂದು ಚಿಟಿಕೆ ಹಿಂಡಿ ನೋಡಿ. ಹಿಂಡಿದ ಆಕಾರ ನಿಂತರೆ ಅದಕ್ಕೆ ತೇವ ಉಳಿಸಬೇಕು. ಉದುರಿಹೋದರೆ ತೇವ ತಾಗದಂತೆ ನೋಡಿಕೊಳ್ಳಬೇಕು.

ಎಷ್ಟು ದಿನ ಇಡಬಹುದು? ಸುಮಾರು 18 ತಿಂಗಳು ಅದರ ಪರಿಮಳ ಚೆನ್ನಾಗಿರುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಪೊಟ್ಟಣದ ಮೇಲಿನ ದಿನಾಂಕ ದಾಟಿತೆಂದು ಗಾಬರಿಯಾಗಬೇಕಿಲ್ಲ. ಸಕ್ಕರೆ ಅಷ್ಟು ಮಂದವಾಗಿರುವಲ್ಲಿ ಬ್ಯಾಕ್ಟೀರಿಯಾಕ್ಕೆ ಬದುಕಲು ಬೇಕಾದ ನೀರು ಸಿಗುವುದಿಲ್ಲ. ಇರುವ ನೀರನ್ನೆಲ್ಲ ಸಕ್ಕರೆಯೇ ಹಿಡಿದಿಟ್ಟುಕೊಂಡಿರುತ್ತದೆ. ಆದರೆ ತೇವ ಹೆಚ್ಚಾಗಿ ತಳದಲ್ಲಿ ಪಾಕ ನಿಂತಿದ್ದರೆ, ಹುಳಿ ಅಥವಾ ಹೆಂಡದಂಥ ವಾಸನೆ ಬಂದರೆ, ಬೂಷ್ಟು ಕಂಡರೆ, ಹುಳ ಸೇರಿದ್ದರೆ ಅದನ್ನು ಎಸೆಯಲೇಬೇಕು. ಬೂಷ್ಟಿನ ಭಾಗ ಮಾತ್ರ ತೆಗೆದು ಉಳಿದದ್ದನ್ನು ಬಳಸುವ ಯೋಚನೆ ಬೇಡ. ಗಟ್ಟಿಯಾದದ್ದು ಒಳ್ಳೆಯದು, ನೀರಾದದ್ದು ಅನುಮಾನದ್ದು, ಇಷ್ಟು ನೆನಪಿಟ್ಟುಕೊಂಡರೆ ಆಯಿತು.

ಕಂದು ಸಕ್ಕರೆ ಬೇಕಾಗುವುದೇ ಅಪರೂಪಕ್ಕೆ ಎನ್ನುವವರು ಅದನ್ನು ಇಡದೆಯೂ ಇರಬಹುದು. ಬಿಳಿ ಸಕ್ಕರೆ ಒಂದು ಕಡೆ, ಕಾಕಂಬಿಯ ಬಾಟಲಿ ಒಂದು ಕಡೆ ಇದ್ದರೆ ಸಾಕು. ಬಿಡಿಬಿಡಿಯಾಗಿ ಎರಡೂ ವರ್ಷಗಟ್ಟಲೆ ಇರುತ್ತವೆ. ಬೇಕಾದಾಗ ಒಂದು ಕಪ್, ಅಂದರೆ 200 ಗ್ರಾಂ ಸಕ್ಕರೆಗೆ ಒಂದು ಟೇಬಲ್ ಚಮಚ ಕಾಕಂಬಿ ಹಾಕಿ ಬೆರೆಸಿ. ಗಾಢ ಬಣ್ಣ ಬೇಕಾದರೆ ಎರಡು ಚಮಚ. ತಿನ್ನಲು ಮಾಡಿದ ಕಾಕಂಬಿಯೇ ಆಗಿರಬೇಕು, ದನಗಳ ಮೇವಿಗೆ ಮಾರುವುದಲ್ಲ. ಮೊದಲ ಒಂದೆರಡು ನಿಮಿಷ ಕಪ್ಪು ಗಂಟುಗಳು ಒಂದು ಕಡೆ, ಬಿಳಿ ಸಕ್ಕರೆ ಇನ್ನೊಂದು ಕಡೆ, ಇದು ಸೇರುವುದೇ ಇಲ್ಲವೇನೋ ಎನಿಸುತ್ತದೆ. ಫೋರ್ಕಿನಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಉಜ್ಜುತ್ತಾ ಹೋಗಿ. ಬಿಳಿ ಗೆರೆಗಳು ಒಂದೊಂದಾಗಿ ಮಾಯವಾಗಿ, ಹಸಿ ಮರಳಿನಂಥ ಒಂದೇ ಬಣ್ಣ ಬರುತ್ತದೆ. ಬಳಸಿ ಮಿಕ್ಕಿದರೆ ಅಂಚು ಒರೆಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ.